ಪ್ರಸಾದದ ಜೊತೆ ಬಂದ ಟ್ಯಾಕ್ಸ್ ಕ್ರೆಡಿಟ್

ಟೆಕ್ಸಸ್‌ನ ಲಾಸ್ ಕೊಲಿನಾಸ್‌ನಲ್ಲಿ ನಾನು ನಡೆಸುತ್ತಿದ್ದ ಟ್ಯಾಕ್ಸ್ ಆಫೀಸು ಮುಚ್ಚುವ ಮುಂಚಿನ ಕೊನೆಯ ವರ್ಷ ಅದು. ಆ ಬೇಸಿಗೆಯಲ್ಲಿ ಬಂದ ಸುಮಂಗಲಾ ಅವರ ಪ್ರಕರಣ ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಹುಬ್ಬಳ್ಳಿಯ ಸುಮಂಗಲಾ ಹತ್ತಿರದ ಯೂಲೆಸ್ ಊರಿನಲ್ಲಿ ಲ್ಯಾಬ್ ಟೆಕ್ನಿಷಿಯನ್. ಗಂಡ ತೀರಿಕೊಂಡ ಮೇಲೆ ಒಬ್ಬರೇ ದುಡಿದು ಮಗಳು ಮೇಘನಾಳನ್ನು ಆಸ್ಟಿನ್‌ನಲ್ಲಿ ಓದಿಸುತ್ತಿದ್ದರು. ಓದು ಸಾಗುತ್ತಿದ್ದದ್ದು ಕಾಲೇಜಿನ ಆರ್ಥಿಕ ನೆರವಿನಿಂದ. ಮನೆಯ ಆದಾಯ ಏರಿದರೆ ನೆರವು ಇಳಿಯುತ್ತದೆ.

ಹ್ಯೂಸ್ಟನ್ ಕಡೆಯ ಫುಲ್‌ಶೀರ್‌ನಲ್ಲಿದ್ದ ಪ್ರಸನ್ನ ಎಂಬಾತ ಬೇರೊಂದು ರಾಜ್ಯದಲ್ಲಿ ಕಂಪನಿ ತೆರೆದಿದ್ದ. ಬಂಡವಾಳಕ್ಕೆ ಜನರನ್ನು ಹಿಡಿಯುತ್ತಿದ್ದದ್ದು ತನ್ನ ಮನೆಯ ಸತ್ಯನಾರಾಯಣ ಪೂಜೆಯಲ್ಲಿ! ಹಾಕಿದ ಹಣದ ಕಾಲು ಭಾಗವನ್ನು ಆ ರಾಜ್ಯವೇ ಟ್ಯಾಕ್ಸ್ ಕ್ರೆಡಿಟ್ ಎಂದು ಹಿಂದಿರುಗಿಸುತ್ತಿತ್ತು. ಸುಮಂಗಲಾ ನಲವತ್ತು ಸಾವಿರ ಡಾಲರ್ ಹಾಕಿದರು, ಹತ್ತು ಸಾವಿರದ ಚೆಕ್ ಬಂತು.

ಇಂಥ ಕ್ರೆಡಿಟ್ ನೀವು ಆ ರಾಜ್ಯಕ್ಕೆ ಕೊಡಬೇಕಾದ ತೆರಿಗೆಯನ್ನಷ್ಟೇ ತಗ್ಗಿಸಿದರೆ ಅದು ಆದಾಯವಲ್ಲ. ಅದಕ್ಕಿಂತ ಹೆಚ್ಚಾಗಿ ಕೈಗೆ ಬಂದ ಹಣ ಮಾತ್ರ ಕೇಂದ್ರ ಸರ್ಕಾರದ ಲೆಕ್ಕದಲ್ಲಿ ಆದಾಯ. ಟೆಕ್ಸಸ್‌ನಲ್ಲಿದ್ದ ಸುಮಂಗಲಾ ಆ ರಾಜ್ಯಕ್ಕೆ ಬಿಡಿಗಾಸೂ ಕಟ್ಟುತ್ತಿರಲಿಲ್ಲ, ಹಾಗಾಗಿ ಹತ್ತು ಸಾವಿರವೂ ಆದಾಯವೇ. ಅದನ್ನು ಅವರು ರಿಟರ್ನ್‌ನಲ್ಲಿ ತೋರಿಸಿರಲಿಲ್ಲ, ತೆರಿಗೆ ಇಲಾಖೆಯಿಂದ ನೋಟಿಸ್ ಬಂತು. ಆದಾಯ ತಿದ್ದಿದ ಕೂಡಲೇ ಮೇಘನಾಳ ನೆರವನ್ನು ಕಾಲೇಜು ತಡೆಹಿಡಿಯಿತು.

“ಟೆಕ್ಸಸ್‌ನಾಗ ಸ್ಟೇಟ್ ಟ್ಯಾಕ್ಸೇ ಇಲ್ಲ, ಸ್ಟೇಟ್ ಕೊಟ್ಟ ರೊಕ್ಕಕ್ಕ ಎಲ್ಲಿ ಟ್ಯಾಕ್ಸ್ ಅಂದ್ರರಿ ಪ್ರಸನ್ನ ಅವ್ರು,” ಎಂದರು ಸುಮಂಗಲಾ. “ಪ್ರಸಾದ ಕೈಯಾಗ ಹಿಡ್ಕೊಂಡು ಹೆಂಗ ಅಡ್ಡ ಪ್ರಶ್ನೆ ಕೇಳೂದ್ರಿ?”

ದಾಕ್ಷಿಣ್ಯ ಅಂತೆ, ಹಾಳು ದಾಕ್ಷಿಣ್ಯ. ಒಂದು ಕುಕ್ಕರ್ ಕೊಳ್ಳಲು ಹತ್ತು ರಿವ್ಯೂ ಓದುವ ನಮ್ಮ ಜನ, ಕನ್ನಡದವನು ಮನೆಗೆ ಕರೆದು ಕೇಸರಿಬಾತ್ ಕೊಟ್ಟರೆ ಬಾಯಿಗೆ ಬೀಗ ಹಾಕಿಕೊಳ್ಳುತ್ತಾರೆ.

ತೆರಿಗೆ ಕಂತಿನಲ್ಲಿ ಕಟ್ಟಬಹುದಿತ್ತು. ಈ ಆದಾಯ ಒಂದೇ ಸಲದ್ದು ಎಂದು ಕಂಪನಿ ಪತ್ರ ಕೊಟ್ಟರೆ ನೆರವನ್ನು ಮರುಪರಿಶೀಲಿಸುತ್ತೇವೆ ಎಂದಿತು ಕಾಲೇಜು. ಪ್ರಸನ್ನನಿಗೆ ಫೋನ್ ಮಾಡಿದೆ.

“ಆಂಟಿ, ಟ್ಯಾಕ್ಸ್ ಇಲ್ಲ ಅಂತ ನಾನೇನು ಬರ್ಕೊಟ್ಟಿದೀನಾ? ನನ್ನನ್ನ ಯಾಕೆ ಎಳೀತೀರಾ?” ಎಂದವನು ಆಮೇಲೆ ಫೋನೇ ಎತ್ತಲಿಲ್ಲ.

ಶ್ರಾವಣದಲ್ಲಿ ಅವನ ಮನೆಯಲ್ಲಿ ಮತ್ತೆ ಪೂಜೆ. ಸುಮಂಗಲಾರನ್ನು ಕೂರಿಸಿಕೊಂಡು ಫುಲ್‌ಶೀರ್‌ಗೆ ಡ್ರೈವ್ ಮಾಡಿದೆ. ಮಂಗಳಾರತಿ ಮುಗಿದು ಪ್ರಸಾದ ಹಂಚುತ್ತಿದ್ದಂತೆ ಬಂಡವಾಳ ಹಾಕಿ, ಕ್ರೆಡಿಟ್ ಬರುತ್ತೆ ಎಂಬ ಅವನ ಹಳೆಯ ರಾಗ ಶುರುವಾಯಿತು. ನಾನು ಏಳುವಷ್ಟರಲ್ಲಿ ಸುಮಂಗಲಾ ನನ್ನ ಕೈ ಅದುಮಿ ತಾವೇ ಎದ್ದರು.

“ಆ ರೊಕ್ಕಕ್ಕ ಟ್ಯಾಕ್ಸ್ ಬೀಳ್ತದೋ ಇಲ್ಲೋ, ಎಲ್ಲಾರ ಮುಂದ ಹೇಳ್ರಿ. ನನ್ನ ಮಗಳ ಓದು ನಿಂತದ.”

ಪ್ರಸನ್ನ ನಕ್ಕು, “ಆಮೇಲೆ ಕೂತು ಮಾತಾಡೋಣ ಆಂಟಿ,” ಎಂದ.

ಪಕ್ಕದಲ್ಲಿ ಕೂತಿದ್ದ ನಿವೃತ್ತ ಡಾಕ್ಟರೊಬ್ಬರು ಪ್ರಸಾದದ ಬಟ್ಟಲು ಕೆಳಗಿಟ್ಟರು. “ಈಗಲೇ ಹೇಳಪ್ಪ. ನಾನೂ ಹಾಕಿದೀನಿ.”

ಅವನ ಮುಖ ಇಂಗು ತಿಂದ ಮಂಗನ ಹಾಗಾಯಿತು. “ಬೀಳುತ್ತೆ,” ಎಂದ. ನಾನು ಅಲ್ಲಿಯೇ ನಿಂತು ಕಾಲೇಜು ಕೇಳಿದ್ದ ಪತ್ರ ಬರೆಸಿ ಸಹಿ ಹಾಕಿಸಿಕೊಂಡೆ. ಆ ಪತ್ರದಿಂದ ಮೇಘನಾಳ ನೆರವು ಉಳಿಯಿತು.

ವೃತ್ತಿಯುದ್ದಕ್ಕೂ ನಾನು ಕಂಡದ್ದು ಇಷ್ಟು: ಕಾನೂನು ಗೊತ್ತಿಲ್ಲದೆ ಕೆಟ್ಟವರಿಗಿಂತ ಕೇಳಲು ನಾಚಿ ಕೆಟ್ಟವರೇ ಹೆಚ್ಚು. ಆ ನಾಚಿಕೆಯನ್ನು ನಂಬಿಯೇ ಪ್ರಸನ್ನನಂಥವರು ಬದುಕುತ್ತಾರೆ.

ಅವನ ಮನೆಯಲ್ಲಿ ಊಟ ಮಾಡದೆ ಹೊರಟೆವು. ಕಾರು ಹತ್ತಿ ಬೆಲ್ಟ್ ಹಾಕಿಕೊಳ್ಳುತ್ತಾ ಸುಮಂಗಲಾ ಅಂದರು, “ಇನ್ನ ಮ್ಯಾಲೆ ಎಲ್ಲೇ ಹೋದ್ರೂ ಮೊದಲ ಕೇಳ್ತೀನ್ರಿ. ಆಮ್ಯಾಲೆ ಪ್ರಸಾದ.”