ಕುದುರೆಯ ಕಾಲಡಿಯ ಸೊಪ್ಪು

ಆ ಕುದುರೆಗೆ ನಮ್ಮ ಕೊಟ್ಟಿಗೆಯಲ್ಲಿ ಜಾಗ ಕೊಟ್ಟದ್ದು ಕರುಣೆಯಿಂದಲ್ಲ, ಗೊಬ್ಬರದ ಆಸೆಯಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಕಾರವಾರದ ಹತ್ತಿರದ ನಮ್ಮೂರು ಕದ್ವಾಡದಲ್ಲಿ ಈಗ ಕೆಲವರು ನನ್ನ ದೊಡ್ಡ ಮನಸ್ಸಿನ ಬಗ್ಗೆ ಮಾತಾಡುತ್ತಿದ್ದಾರೆ, ಸುಳ್ಳು ಹೊಗಳಿಕೆ ನನಗೆ ಸುಳ್ಳು ನಿಂದೆಯಷ್ಟೇ ಅಸಹ್ಯ.

ಶಾಲೆಯ ಅಕ್ಕೋರ ಕೆಲಸದಿಂದ ನಿವೃತ್ತಳಾದ ಮೇಲೆ ನಾನೂ ನನ್ನ ತಂಗಿಯೂ ಮನೆಯ ಹಿಂದಿನ ಹಿತ್ತಿಲಲ್ಲಿ ತರಕಾರಿ ಬೆಳೆಯಲು ಹೊರಟೆವು. ಅಲ್ಲಿನದು ಮರಳುಮಣ್ಣು, ಗೊಬ್ಬರವಿಲ್ಲದೆ ಏನನ್ನೂ ಕೊಡುವುದಿಲ್ಲ. ನಮ್ಮ ಕೊಟ್ಟಿಗೆಯಲ್ಲಿ ದನಗಳಿಲ್ಲದೆ ಬಹಳ ಕಾಲವಾಗಿತ್ತು. ಪಕ್ಕದ ಮನೆಯಾಕೆ ಗೊಬ್ಬರ ಕೊಡುವುದಾಗಿ ಮಾತು ಕೊಟ್ಟು, ಮೇ ತಿಂಗಳಲ್ಲಿ ನನ್ನ ಕಣ್ಣೆದುರೇ ಅದನ್ನು ಬೇರೆಯವರ ಟೆಂಪೋಗೆ ತುಂಬಿಸಿದಳು. ಕೇಳಿದ್ದಕ್ಕೆ, “ನಿಮ್ದು ಹೊತ್ತು ಹೋಗೂಕೆ ಮಾಡೂ ಬೇಸಾಯ ಅಲ್ರಾ ಅಕ್ಕೋರೇ? ಅವ್ರದ್ದು ಹೊಟ್ಟೆಪಾಡು” ಎಂದಳು. ಆಗ ಅವಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು, ಕೈಯಲ್ಲಿ ಅರ್ಧ ತುರಿದ ತೆಂಗಿನಕಾಯಿ ಕಡಿ ಇತ್ತು, ಮತ್ತು ನಗುತ್ತಿದ್ದಳು. ನಾಲ್ಕು ವರ್ಷ ಕಳೆದಿವೆ. ಆ ನಗುವಿನ ಒಂದು ಎಳೆಯೂ ನನಗೆ ಮಾಸಿಲ್ಲ.

ಕುದುರೆಯವನು ಬಂದದ್ದು ಅದರ ಮರುವರ್ಷ, ಮಳೆ ಹಿಡಿಯಲು ಹದಿನೈದು ದಿನವಿರುವಾಗ. ಅಂಕೋಲೆಯ ಕಡಲತೀರದ ಮೀನುಗಾರರ ಮನೆಯವನು, ವಯಸ್ಸು ನಲವತ್ತರ ಆಸುಪಾಸು. ಅಣ್ಣತಮ್ಮಂದಿರು ಬೇರೆಯಾಗಿ ದೋಣಿ ಮಾರಿದಾಗ ತನ್ನ ಪಾಲಿನ ಹಣದಲ್ಲಿ ಕಂದು ಬಣ್ಣದ ಹೆಣ್ಣು ಕುದುರೆಯೊಂದನ್ನು ಕೊಂಡು, ಕಾರವಾರದ ಬೀಚಿನಲ್ಲಿ ಮಕ್ಕಳನ್ನು ಕೂರಿಸಿ ತಿರುಗಿಸುತ್ತಿದ್ದ. ಅವನ ವಾಸ ಬಿಣಗಾದ ಒಂದು ಬಾಡಿಗೆ ಕೋಣೆಯಲ್ಲಿ. ಬೇಸಿಗೆಯಲ್ಲಿ ಗಾಳಿಮರದ ಬುಡಕ್ಕೆ ಕುದುರೆ ಕಟ್ಟಿದರೆ ಸಾಕಿತ್ತು, ಮಳೆಯ ನಾಲ್ಕು ತಿಂಗಳಿಗೆ ಮಾತ್ರ ಸೂರು ಬೇಕು.

“ಬಾಡ್ಗೆ ಕೊಡೂಕೆ ನನ್ನ ಹತ್ರ ಆಗೂದಿಲ್ಲ ಅಕ್ಕೋರೇ. ಕೆಲ್ಸ ಹೇಳಿ, ಎಂತದ್ದಾದ್ರೂ ಮಾಡ್ತೆ” ಎಂದು ಅಂಗಳದಲ್ಲೇ ನಿಂತು ಕೇಳಿದ.

ನಾನು ಉತ್ತರಿಸುವ ಮೊದಲೇ ಒಳಗಿನಿಂದ ತಂಗಿಯ ದನಿ ಬಂತು: “ಮೀನು ಹಿಡಿಯೋರು ಕುದ್ರಿ ಹಿಡಿದ್ರೆ ನಾವೆಂತ ಮಾಡೂದೇ ಅಕ್ಕಾ, ಆನೆ ಸಾಕೂದಾ?”

“ಆನೆ ಬ್ಯಾಡ್ರಾ, ನಿಮ್ಮ ಕೊಟ್ಗೆ ಸಾಲೂದಿಲ್ಲ” ಎಂದ ಅವನು.

ಬಾಯಿಮಾತನ್ನು ನಂಬಿ ಒಮ್ಮೆ ಅವಮಾನಪಟ್ಟವಳು ನಾನು. ಆದ್ದರಿಂದ ಒಪ್ಪಂದವನ್ನು ಕಾಗದದಲ್ಲಿ ಬರೆದೆ. ನಮ್ಮ ಕಡೆಯಿಂದ ಕೊಟ್ಟಿಗೆ, ಬಾವಿಯ ನೀರು, ಒಣಹುಲ್ಲು, ಹಿತ್ತಿಲಲ್ಲಿ ತರಕಾರಿ ಪಾತಿಗಳಾಚೆ ಮೇಯಲು ಜಾಗ. ಅವನ ಕಡೆಯಿಂದ ದಿನವೂ ಅಂಗಳ ಗುಡಿಸುವುದು, ಮಳೆನೀರಿನ ಗಟಾರ ಬಿಡಿಸುವುದು, ಬೇಲಿ ಕಟ್ಟುವುದು, ತೆಂಗಿನ ಬುಡ ನೋಡಿಕೊಳ್ಳುವುದು. ಇವೆಲ್ಲ ಐದು ಷರತ್ತುಗಳಲ್ಲಿ ಮುಗಿದವು. ಆರನೆಯದು ನನಗೆ ಮುಖ್ಯವಾದದ್ದು: ಕುದುರೆಯ ಕಾಲಡಿಗೆ ದಿನವೂ ಹಸಿ ಸೊಪ್ಪು ಹಾಸಬೇಕು, ತಿಂಗಳಿಗೊಮ್ಮೆ ಮಾತ್ರ ಅದನ್ನು ತೆಗೆಯಬೇಕು, ಗೊಬ್ಬರ ನಮ್ಮದು. ನಾನು ಹುಟ್ಟಿದ ರಾಮನಗುಳಿಯ ಮನೆಯಲ್ಲಿ ದನಗಳ ಕಾಲಡಿಗೆ ಸೊಪ್ಪಿನ ಮೇಲೆ ಸೊಪ್ಪು ಬೀಳುತ್ತಿತ್ತು; ಸೆಗಣಿ, ಗಂಜಳಗಳಲ್ಲಿ ತುಳಿಸಿಕೊಂಡು ಮಂದವಾದ ಕಪ್ಪು ಗೊಬ್ಬರವಾಗುತ್ತಿತ್ತು. ಕೊಟ್ಟಿಗೆಯೆಂದರೆ ನಮಗೆ ಅದೇ.

ಅವನು ಕಾಗದವನ್ನು ನಿಧಾನವಾಗಿ ಓದಿ ಆರರಲ್ಲಿ ನಿಂತ. “ಇದೊಂದು ಅಕ್ಕೋರೇ... ಕುದ್ರಿಗೆ ಕಾಲಡಿ ಒಣ ಇರ್ಬೇಕು. ದನದ ಹಾಂಗಲ್ಲ.”

“ನೀ ಕುದುರೆ ಕಟ್ಟಿ ಎಷ್ಟು ವರ್ಷ ಆತು?”

“ಎರಡು.”

“ನಾ ಕೊಟ್ಟಿಗೆ ಕಂಡು ಅರವತ್ತು ಆತು.”

ಅವನು ಸಹಿ ಮಾಡಿದ. ನೆರಳು ಕೇಳಿಕೊಂಡು ಬಂದವನು ನನಗೇ ಕೊಟ್ಟಿಗೆಯ ಪಾಠ ಹೇಳಿದನೆಂಬ ಸಿಟ್ಟು ಎರಡು ದಿನ ನನ್ನೊಳಗೆ ಇತ್ತು.

ಆಮೇಲೆ ಅವನು ಆ ಮಾತೆತ್ತಲಿಲ್ಲ. ಕೆಲಸದಲ್ಲಿ ನಾನು ಹುಡುಕಿದರೂ ತಪ್ಪು ಸಿಗಲಿಲ್ಲ. ಬಿಣಗಾದಿಂದ ಬೆಳಿಗ್ಗೆ ಏಳಕ್ಕೆ ಬೈಕಿನಲ್ಲಿ ಬಂದರೆ ಮೊದಲು ಕುದುರೆಯ ಮೈ ಉಜ್ಜಿ, ನಂತರ ಅಂಗಳ. ಅವನು ಕಟ್ಟಿದ ಬೇಲಿಯ ಗಂಟುಗಳು ದೋಣಿಯ ಹಗ್ಗದ ಗಂಟುಗಳಂತೆ ಮಳೆಯಲ್ಲಿ ಇನ್ನಷ್ಟು ಬಿಗಿಯಾದವು. ಗುಡ್ಡದಿಂದ ಹೊರೆ ಸೊಪ್ಪು ತಂದು, ಬರೆದುಕೊಟ್ಟ ಹಾಗೆಯೇ ಹಾಸಿದ. ಅವನ ಮೌನವನ್ನು ನಾನು ಒಪ್ಪಿಗೆಯೆಂದು ತಿಳಿದೆ.

ಜುಲೈಯಲ್ಲಿ ಒಂದು ಬೆಳಿಗ್ಗೆ, ಹಿತ್ತಿಲಿಗೆ ಬಿಟ್ಟ ಕುದುರೆ ಹಿಂದಿನ ಬಲಗಾಲನ್ನು ಊರದೆ ಹೆಜ್ಜೆಯಿಡುವುದು ಕಂಡೆ. ಅವನನ್ನು ಕರೆದು ಕಾಲೆತ್ತಿಸಿದೆ. ಗೊರಸಿನ ನಡುವಿನ ಮೆತ್ತನೆಯ ಭಾಗ ಕಪ್ಪಗೆ ಕೊಳೆತಿತ್ತು. ಆ ನಾತಕ್ಕೆ ಸೆರಗನ್ನು ಮೂಗಿಗೆ ಒತ್ತಿಕೊಂಡೆ.

“ಎಷ್ಟು ದಿನದಿಂದ?”

“ಎಂಟು ದಿನ ಆತು. ಸಂಜೆ ಸಂಜೆ ತೊಳೀತೆ. ಮತ್ತೆ ಆ ಹಸಿ ಸೊಪ್ಪಲ್ಲೇ ನಿಲ್ತದಲಾ.”

“ಎಂಟು ದಿನ! ನಿಂಗೆ ಬಾಯಿಲ್ವಾ?”

“ದೋಣಿ ನೀರಿಗಿಳಿಸೂಕೆ ಮುಂಚೆ ಆಡಿದ್ದೇ ಮಾತು ಅಕ್ಕೋರೇ. ಹಂಗಾಮು ಮುಗಿಯೂವರೆಗೆ ಅದ್ರ ಮೇಲೆ ಯಾರೂ ಮಾತಾಡೂದಿಲ್ಲ, ನಮ್ಮಲ್ಲಿ ಹಾಂಗೇಯಾ. ನಾ ಸಹಿ ಬೇರೆ ಮಾಡಿದ್ದೆ.” ಆಮೇಲೆ ಕುದುರೆಯ ಕಡೆ ನೋಡುತ್ತ, “ಬೀಚು ಶುರುವಾಗೂದ್ರೊಳಗೆ ಕಾಲು ಗುಣ ಆಗ್ಲಿಲ್ಲಂದ್ರೆ ನಂದೂ ಮುಗೀತು” ಎಂದ.

ದನದ ಡಾಕ್ಟರು ಮಧ್ಯಾಹ್ನ ಬಂದರು. ಹಿಂದಿನ ಎರಡೂ ಕಾಲುಗಳಿಗೆ ಕೊಳೆ ಹತ್ತಿದೆ, ಇನ್ನೂ ಒಳಗೆ ಇಳಿದರೆ ಇದು ಬೆನ್ನಮೇಲೆ ಮಗುವನ್ನೂ ಹೊರಲಾರದು ಎಂದು ಹೇಳಿ, ಕೊಟ್ಟಿಗೆಯ ನೆಲ ನೋಡಿ ಕೆರಳಿದರು. “ಕುದುರೆಯನ್ನು ಇಂಥ ರಾಡಿಯಲ್ಲಿ ನಿಲ್ಲಿಸಲಿಕ್ಕೆ ಯಾರು ಹೇಳಿದ್ದು?”

“ಗೊತ್ತಾಗ್ಲಿಲ್ಲ ಸರ್. ನಂದೇ ತಪ್ಪು” ಎಂದ ಕುದುರೆಯವನು.

ಜನ ನನ್ನನ್ನು ಅಂದದ್ದನ್ನೆಲ್ಲ ನಾನು ಸಹಿಸಿ ನೆನಪಿಟ್ಟುಕೊಂಡಿದ್ದೇನೆ. ಆದರೆ ನನ್ನ ತಪ್ಪಿಗೆ ಇನ್ನೊಬ್ಬ ತಲೆತಗ್ಗಿಸಿ ನಿಂತದ್ದನ್ನು ಸಹಿಸಲಾಗಲಿಲ್ಲ. “ನಾನು ಹೇಳಿದ್ದು. ಅವನು ಬೇಡ ಎಂದಿದ್ದ” ಎಂದೆ. ಡಾಕ್ಟರು ನನ್ನನ್ನು ನೋಡಿದ ನೋಟವೂ ನೆನಪಿದೆ. ಅದು ನ್ಯಾಯವಾಗಿಯೇ ಇತ್ತು.

ಆ ದಿನವೇ ಕೊಟ್ಟಿಗೆಯಿಂದ ಸೊಪ್ಪನ್ನೆಲ್ಲ ಹೊರಹಾಕಿದೆವು. ಹಿತ್ತಿಲ ಸುತ್ತ ಬಿದ್ದುಹೋದ ಪಾಗಾರಗೋಡೆಯ ಚಿರೇಕಲ್ಲುಗಳನ್ನು ಅವನು ಒಂದೊಂದಾಗಿ ಹೊತ್ತು ತಂದ. ಹಿಂಬದಿಗೆ ಮೂರು ಬೆರಳಿನ ಇಳಿಜಾರು ಬರುವಂತೆ ನಾನು ದಾರ ಹಿಡಿದು ಅಳೆದೆ, ಎರಡು ಸಲ ಕಿತ್ತು ಹಾಕಿಸಿದೆ. ಕಲ್ಲಿನ ಮೇಲೆ ಮರಳು, ಮರಳಿನ ಮೇಲೆ ಅಕ್ಕಿ ಗಿರಣಿಯಿಂದ ತಂದ ಒಣ ಹೊಟ್ಟು. ತಂಗಿ ನನಗೆ ಕೊಡೆ ಹಿಡಿದು ನಿಂತಿದ್ದಳು.

“ತಪ್ಪು ಮಾಡಿದ ಮಕ್ಳನ್ನ ನೀ ಬೆಂಚಿನ ಮೇಲೆ ನಿಲ್ಲಿಸ್ತಿದ್ದೆ. ನಿನ್ನ ಎಲ್ಲಿ ನಿಲ್ಸೂದೇ?” ಎಂದಳು.

“ಕೆಸರಲ್ಲೇ ನಿಂತಿದ್ದೇನಲ್ಲ, ಕಾಣೂದಿಲ್ವಾ?”

ಕೆಲಸ ಮುಗಿದ ಮೇಲೆ ಒಪ್ಪಂದದ ಕಾಗದ ತಂದು, ಆರನೆಯ ಷರತ್ತಿನ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಿದೆ. ಕೆಳಗೆ ಹೊಸದಾಗಿ ಬರೆದೆ: ಕಾಲಡಿ ಸದಾ ಒಣಗಿರಬೇಕು, ಲದ್ದಿಯನ್ನು ದಿನವೂ ಬಾಚಿ ಗುಂಡಿಗೆ ಹಾಕಬೇಕು, ಸೊಪ್ಪೇನಿದ್ದರೂ ಗುಂಡಿಗೆ. ಅವನು ಪೆನ್ನು ಹಿಡಿದು ಅನುಮಾನಿಸಿದ.

“ನಡು ಹಂಗಾಮಲ್ಲಿ ಮಾತು ಬದ್ಲು ಮಾಡೂದಾ ಅಕ್ಕೋರೇ?”

“ದೋಣಿಗೆ ತೂತು ಬಿದ್ರೆ ಹಂಗಾಮು ಮುಗಿಯೂವರೆಗೆ ಕಾಯ್ತಿದ್ರಾ?”

“ನಾವು ಕಾದ್ರೂ ಅದು ಕಾಯೂದಿಲ್ಲ ಬಿಡಿ” ಎಂದು ನಕ್ಕು ಸಹಿ ಮಾಡಿದ.

ಮುಂದಿನ ಎಂಟು ವಾರ, ಬೆಳಿಗ್ಗೆ ಸಂಜೆ ಅವನು ಒಂದೊಂದೇ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಡಾಕ್ಟರು ಹೇಳಿದಂತೆ ಗೊರಸು ಕೆರೆದು, ಮೈಲುತುತ್ತದ ನೀರಿನಲ್ಲಿ ತೊಳೆದ. ನಾನು ಹಗ್ಗ ಹಿಡಿದು ಎದುರಿಗೆ ನಿಲ್ಲುತ್ತಿದ್ದೆ. ಮೂರನೆಯ ದಿನ ಕುದುರೆ ನನ್ನ ಸೆರಗನ್ನು ಬಾಯಿಗೆ ಹಾಕಿಕೊಂಡು ಒಂದು ಅಂಗೈಯಗಲ ಅಗಿದುಹಾಕಿತು. ಅದನ್ನು ನಾನು ಬರೆದಿಡದೆ ಬಿಡಲಾರೆ. ಆಗಸ್ಟ್ ಮುಗಿಯುವಾಗ ನಾತ ಹೋಯಿತು. ಸೆಪ್ಟೆಂಬರಿನಲ್ಲಿ ಕಪ್ಪು ಭಾಗದ ಅಡಿಯಿಂದ ಗಟ್ಟಿಯಾದ ಹೊಸ ಪದರ ಕಂಡಿತು.

ಗಟ್ಟಿ ನೆಲದ ಮೇಲೆ ನಡೆಸಿ ನೋಡಿ ಎಂದು ಡಾಕ್ಟರು ಹೇಳಿದ ಮರುದಿನ ಬಿಸಿಲಿತ್ತು. ಅವನು ಕುದುರೆಯನ್ನು ಡಾಂಬರು ರಸ್ತೆಗೆ ಹತ್ತಿಸಿ ಕಾರವಾರದ ದಿಕ್ಕಿಗೆ ನಡೆಸಿದ. ನಾನು ಗೇಟಿನಲ್ಲಿ ಕಣ್ಣು ಮುಚ್ಚಿ ನಿಂತೆ. ಐವತ್ತು ಮಕ್ಕಳು ಒಟ್ಟಿಗೆ ಮಗ್ಗಿ ಹೇಳುವಾಗ ತಪ್ಪಿದ ಒಂದು ದನಿಯನ್ನು ಹಿಡಿಯುತ್ತಿದ್ದ ಕಿವಿ ನನ್ನದು. ಗೊರಸಿನ ನಾಲ್ಕು ಸದ್ದು, ಮತ್ತೆ ನಾಲ್ಕು, ತಿರುವಿನವರೆಗೆ ಹೋಗಿ ಹಿಂದಿರುಗುವವರೆಗೂ. ಒಂದೂ ತಗ್ಗಲಿಲ್ಲ.

“ಇನ್ನು ಭಾರ ಹಾಕಿ ನೋಡ್ಬೇಕು” ಎನ್ನುತ್ತ ಅವನು ಜೀನು ಬಿಗಿದ. “ಅಕ್ಕೋರೇ, ನೀವೇ ಮೊದ್ಲು ಕೂತ್ಕಣಿ.”

“ನನ್ನನ್ನು ನೋಡಿ ನಗೂಕೆ ಊರಲ್ಲಿ ಜನ ಬೇಕಾದಷ್ಟಿದ್ದಾರೆ” ಎಂದೆ.

“ನಗ್ಲಿ ಬಿಡೇ. ನಾ ಕೂತ್ಕಳ್ತೆ” ಎಂದಳು ತಂಗಿ. ಅವಳಿಗೆ ಅರವತ್ತಾರು. ಸೀರೆಯ ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಹತ್ತಿ, ನನ್ನ ಹೆಗಲನ್ನು ನಿರ್ದಯವಾಗಿ ಒತ್ತಿ ಅವಳು ಜೀನಿನ ಮೇಲೆ ಕುಳಿತಳು. ನಾನೂ ಅವನೂ ಬಗ್ಗಿ ಹಿಂದಿನ ಕಾಲುಗಳನ್ನೇ ನೋಡುತ್ತಿದ್ದೆವು. ಕುದುರೆ ಒಮ್ಮೆ ಬಾಲ ಬೀಸಿ, ಬಲಗಾಲನ್ನು ತುಸು ಹಿಂದಕ್ಕೆ ಇಟ್ಟು, ನಾಲ್ಕು ಕಾಲುಗಳ ಮೇಲೂ ಸಮನಾಗಿ ಭಾರ ಊರಿ ನಿಂತಿತು.