ಡಮಾರಿಸಳ ಒಂದು ಪಾಲು

ನಮ್ಮ ಓಣಿ ಎಷ್ಟು ಇಕ್ಕಟ್ಟೆಂದರೆ ಡಮಾರಿಸ್ ಮೂರ್ಸಮ್ ತನ್ನ ಕಿಟಕಿಯಿಂದಲೇ ಕೈಚಾಚಿ ನನ್ನ ಉಪ್ಪಿನ ಡಬ್ಬಿ ಎತ್ತಿಕೊಳ್ಳಬಹುದಿತ್ತು. ಎತ್ತಿಕೊಳ್ಳುತ್ತಲೂ ಇದ್ದಳು. ಕೇಳಿ ತೆಗೆದುಕೊಳ್ಳುವ ಅಭ್ಯಾಸ ಅವಳಿಗಿರಲಿಲ್ಲ. ಹಡಗಿನ ಒಡತಿಯಲ್ಲವೇ!

ಒಡತಿ ಎಂದರೆ ಅರವತ್ತನಾಲ್ಕರಲ್ಲಿ ಒಂದು ಪಾಲಿನ ಒಡತಿ. ನಮ್ಮ ವಿಟ್‌ಬಿ ಬಂದರಿನ ಕಡೆ ಯಾವ ಹಡಗಿಗಾದರೂ ಅರವತ್ತನಾಲ್ಕೇ ಪಾಲು. ‘ಈಡಿತ್ ಪಿಂಕ್ನಿ’ ಎಂಬ ಆ ಉಗಿಹಡಗಿನಲ್ಲಿ ಕಟುಕ ಜೋನಾಸನಿಗೆ ಎರಡು ಪಾಲು, ಮೇಲಿನ ಬೀದಿಯ ಮುದಿ ಅಕ್ಕತಂಗಿಯರಿಗೆ ಒಂದೊಂದು, ಮಿಕ್ಕದ್ದರಲ್ಲಿ ಹೆಚ್ಚಿನದು ಹಡಗನ್ನು ನಡೆಸುತ್ತಿದ್ದ ಪಿಂಕ್ನಿ ಸಾಹೇಬರಿಗೆ. ಡಮಾರಿಸಳ ಪಾಲು ಅವಳಪ್ಪ ಮದುವೆಗೆ ಕೊಟ್ಟದ್ದು. ನಿನ್ನ ಪಾಲಿಗೆ ಬಂದದ್ದು ಹೊಗೆಯೋ ಸೀಟಿಯೋ ಎಂದು ನಾವು ಕಾಲೆಳೆದರೆ, ಅಡಿಗೆಕೋಣೆ ಎನ್ನುತ್ತಿದ್ದಳು. ಪಾಲುದಾರರ ಮನೆಯವರಿಗೆ ಹಡಗಿನಲ್ಲಿ ಕೆಲಸ ಕೊಡುವುದು ವಾಡಿಕೆ. ಹಾಗೆ ಅವಳ ಗಂಡ ರೂಬೆನ್ ಅದರ ಅಡಿಗೆಯವನಾಗಿದ್ದ. ಹಡಗು ಕಲ್ಲಿದ್ದಲು ಹೊತ್ತು ಕಪ್ಪು ಸಮುದ್ರಕ್ಕೆ ಹೋಗುತ್ತಿತ್ತು, ಗೋಧಿ ಹೊತ್ತು ಬರುತ್ತಿತ್ತು. ಚಳಿಗೆ ಆ ಬಂದರುಗಳು ಹೆಪ್ಪುಗಟ್ಟಿದಾಗ ಮಾತ್ರ ರೂಬೆನ್ ಮನೆಯಲ್ಲಿರುತ್ತಿದ್ದ.

ಹಡಗು ಹಳೆಯದಾಗುತ್ತ ಬಂದಾಗ ಲಿವರ್‌ಪೂಲಿನವರು ಕೊಳ್ಳಲು ಬಂದರು. ಕೊಂಡರೆ ಇಡಿಯಾಗಿಯೇ, ಒಂದು ಪಾಲೂ ಹೊರಗುಳಿಯಬಾರದು ಎಂದರು. ಎಲ್ಲರೂ ಹೂಂ ಎಂದರು, ಡಮಾರಿಸ್ ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಹೊಸಬರು ತಮ್ಮವರನ್ನೇ ತುಂಬಿಕೊಳ್ಳುತ್ತಾರೆ. ತಲೆ ನರೆತ, ಮಂಡಿ ಹಿಡಿದ ರೂಬೆನ್‌ನನ್ನು ಇನ್ನಾವ ಹಡಗಿನವರು ಸೇರಿಸಿಕೊಂಡಾರು? ಸಮುದ್ರ ತಪ್ಪಿದರೆ ಅವನು ಕೊರಗಿಯೇ ಸಾಯುತ್ತಾನೆಂದು ನನ್ನೊಬ್ಬಳ ಹತ್ತಿರ ಹೇಳಿ ಕಣ್ಣೊರೆಸಿಕೊಂಡಿದ್ದಳು.

ಊರು ಅವಳ ಮೇಲೆ ಮುನಿಸಿಕೊಂಡಿತು. ಅಕ್ಕತಂಗಿಯರು ಚರ್ಚಿನಲ್ಲಿ ಮುಖ ತಿರುಗಿಸಿ ಕೂತರು. ಜೋನಾಸ್ ಅವಳಿಗೆ ಬರೀ ಮೂಳೆ ತೂಗಿಕೊಟ್ಟ. ಪಿಂಕ್ನಿ ಸಾಹೇಬರು ಖುದ್ದು ಬಂದು, ಅವಳ ಶುಂಠಿ ಕೇಕನ್ನು ಮೂರು ಸಲ ಹಾಕಿಸಿಕೊಂಡು ತಿಂದು, ನಯವಾಗಿ ಕೇಳಿದರು.

“ಅಡಿಗೆಕೋಣೆ ನನ್ ಗಂಡಂದೇ ಅಂತ ಆ ಕೊಳ್ಳೋರ ಕೈಲಿ ಹೇಳ್ಸಿ ಸಾಹೇಬ್ರೆ, ಆಮೇಲೆ ಮಾತು. ಇನ್ನೊಂದ್ ಚೂರು ಕೇಕ್ ಹಾಕ್ಲಾ?” ಎಂದಳು ಡಮಾರಿಸ್.

ಲಿವರ್‌ಪೂಲಿನವರು ಅದಕ್ಕೊಪ್ಪಲಿಲ್ಲ. ವ್ಯಾಪಾರ ನೇತಾಡುತ್ತಲೇ ಉಳಿಯಿತು.

ಆ ಚಳಿಗಾಲ ರೂಬೆನ್ ಬಂದ. ಡಮಾರಿಸ್ ಮೀನಿನ ಕಡುಬು ಬಡಿಸಿ, ನನ್ನನ್ನೂ ಕೂರಿಸಿಕೊಂಡು, ತಾನೊಬ್ಬಳೇ ಊರನ್ನೆಲ್ಲ ಎದುರುಹಾಕಿಕೊಂಡ ಕಥೆಯನ್ನು ಅವನಿಗೆ ಹೇಳಿದಳು. ಹೇಳುವಾಗ ಅವಳ ಮುಖ ಅರಳಿತ್ತು. ಅವನು ತಟ್ಟೆಯನ್ನೇ ನೋಡುತ್ತಿದ್ದ.

“ಮಾರ್‌ಬಿಡು ಡಮಾರಿಸ್,” ಎಂದ. “ನಂಗೆ ಹಡಗು ಯಾವತ್ತೂ ಆಗ್ಬರ್ಲಿಲ್ಲ. ಇವತ್ತಿಗೂ ಗಾಳಿ ಎದ್ರೆ ಸಾರಿನ ಪಕ್ಕದಲ್ಲೇ ವಾಂತಿಗೆ ಬಕೆಟ್ ಇಟ್ಕೋತೀನಿ.”

ನನಗೆ ನಗು ಉಕ್ಕಿ ಬಂತು. ಅವಳ ಮುಖ ನೋಡಿ ನುಂಗಿಕೊಂಡೆ.

“ಮತ್ಯಾಕ್ ಹೋಗ್ತಿದ್ದೆ?”

“ಹಡಗು ನಿಂದು, ಅಷ್ಟು ಜಂಬ ಪಡ್ತಿದ್ದೆ. ನಾನ್ ಹೊರಟ್ರೆ ಸಾಕು, ನೀನ್ ಬಾಗ್ಲು ಹಾಕ್ಕೊಂಡು ಒಳಗೆ ಹೋಗ್ಬಿಡ್ತಿದ್ದೆ. ನಿಂಗೆ ನಾನಿಲ್ದಿದ್ರೇನೇ ನೆಮ್ಮದಿ ಅಂದ್ಕೊಂಡೆ.”

ಹೊರಟವನ ಬೆನ್ನು ನೋಡಿದರೆ ಅವನು ಮರಳುವುದಿಲ್ಲ ಎಂಬುದು ನಮ್ಮ ಹೆಂಗಸರ ಭಯ. ಅದಕ್ಕೇ ಬಾಗಿಲು ಹಾಕಿಕೊಳ್ಳುವುದು. ಹಾಕಿಕೊಂಡ ಬಾಗಿಲಿಗೆ ಹಣೆಯೊತ್ತಿ ಅವಳು ಅಳುವುದನ್ನು ಕಿಟಕಿಯಿಂದ ಪ್ರತಿ ವರ್ಷ ನೋಡಿದವಳು ನಾನು. ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಹೇಳಿದಳು, ತಡೆತಡೆದು, ಎಲ್ಲವನ್ನೂ.

“ಇಷ್ಟು ವರ್ಷದಲ್ಲಿ ಒಂದ್ ಮಾತು ಹೇಳೋಕಾಗ್ಲಿಲ್ವಾ ನಿಂಗೆ?” ಎಂದಳು ಕೊನೆಗೆ.

“ನಿಂಗಾಯ್ತಾ?” ಎಂದ ರೂಬೆನ್.

ನಾನು ಸದ್ದಿಲ್ಲದೆ ಎದ್ದು ಹೊರಗೆ ಬಂದೆ. ಓಣಿಯಲ್ಲಿ ನಿಂತು ನಾನೂ ಅತ್ತೆ, ಸುಳ್ಳೇಕೆ ಹೇಳಲಿ.

ಮರುವಾರ ಡಮಾರಿಸ್ ಪಾಲು ಮಾರಿದಳು. ವಸಂತದಲ್ಲಿ ಹಡಗು ಹೊಸ ಹೆಸರು ಬರೆಸಿಕೊಂಡು, ಚಿಮಣಿಗೆ ಹೊಸ ಬಣ್ಣ ಬಳಿಸಿಕೊಂಡು ನಮ್ಮ ಕೊಲ್ಲಿಯ ಮುಂದೆ ಹಾದುಹೋಯಿತು. ಊರೆಲ್ಲ ದಡದಲ್ಲಿತ್ತು. ನಾನು ಏದುಸಿರು ಬಿಡುತ್ತ ಅವಳನ್ನು ಕರೆಯಲು ಓಡಿದೆ. ಅವಳು ಬಾಗಿಲಲ್ಲೇ ನನ್ನ ತೋಳು ಹಿಡಿದಳು.

“ಮೆತ್ತಗೆ ಮಾತಾಡು ಮಾರಾಯ್ತಿ,” ಎಂದಳು. “ಮಲ್ಗಿದಾನೆ.”