ಭಾವನ ಕೈಯ ಗ್ರೀಸ್

ಭಾವ ಮೋಟಾರ್ ಸೈಕಲ್ಲಿನ ಕಾಯಿಲೆಯನ್ನು ಕಿವಿಯಿಂದ ಪತ್ತೆ ಹಚ್ಚುತ್ತಿದ್ದರು. ಎಂಜಿನ್ ತಣ್ಣಗೆ ಮಲಗಿದ್ದರೂ ಸರಿ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಕಣ್ಣು ಮುಚ್ಚಿ, ಕಿವಿ ಆನಿಸಿ, ದೊಡ್ಡ ಡಾಕ್ಟರರ ಹಾಗೆ ನಿಟ್ಟುಸಿರು ಬಿಡುವರು. “ಡೈನಮೋ ಸತ್ತಿದೆ ಮಾರಾಯ. ಚಾರ್ಜ್ ಇಲ್ಲದೆ ಬ್ಯಾಟರಿ ಉಪವಾಸ ಕೂತಿದೆ.” ಸ್ಟಾರ್ಟ್ ಆಗದ ಯಾವ ಗಾಡಿ ಬಂದರೂ ಇದೇ ತೀರ್ಪು. ನಿಂತ ಎಂಜಿನ್ನಿನಲ್ಲಿ ಕೇಳಿಸುವುದಾದರೂ ಏನು ಎಂದು ಬೊಂಬಾಯಿಯ ಆಂಟಾಪ್ ಹಿಲ್ಲಿನ ನಮ್ಮ ಚಾಳಿನಲ್ಲಿ ಯಾರೂ ಕೇಳಲಿಲ್ಲ. ಮಿಲಿಟರಿಯಲ್ಲಿ ಮೆಕ್ಯಾನಿಕ್ ಆಗಿದ್ದವರನ್ನು ಹಾಗೆ ಕೇಳುವುದುಂಟೇ?

ಉಡುಪಿಯಲ್ಲಿ ನನ್ನ ಅಪ್ಪ ಅಕ್ಕನನ್ನು ಅವರಿಗೆ ಕೊಟ್ಟದ್ದೂ ಆ ಮಾತಿನ ಮೇಲೆಯೇ. ಯುದ್ಧ ಮುಗಿಸಿ ಬಂದ ಭಾವ ದಾದರಿನ ಹೋಟೆಲೊಂದರ ಗಲ್ಲಾದಲ್ಲಿ ಕೂರುತ್ತಿದ್ದರು. ಕೆಲಸ ಹುಡುಕಿಕೊಂಡು ಬೊಂಬಾಯಿಗೆ ಬಂದ ನಾನು ಅವರ ಒಂದೇ ಕೋಣೆಯ ಮನೆಯಲ್ಲಿ ಉಳಿದುಕೊಂಡೆ. ಒಲೆಯ ಮೂಲೆಗೆ ಅವರು ಅಪ್ಪಿತಪ್ಪಿಯೂ ಹೋಗುತ್ತಿರಲಿಲ್ಲ. ಕುಡಿಯುವ ನೀರಿಗೂ ಕೂತಲ್ಲಿಂದಲೇ ಕೂಗು. ಆದರೆ ಹೊರಗೆ ಗಾಡಿ ಬಿಚ್ಚಿಕೊಂಡು ಕೂತವರು ಇದ್ದಕ್ಕಿದ್ದಂತೆ, “ಏ, ಸಾಸಿವೆ ಸೀಯುತ್ತಿದೆ!” ಎಂದು ಅರಚುವರು. ಒಲೆಯ ಪಕ್ಕದಲ್ಲೇ ನಿಂತ ಅಕ್ಕನಿಗೆ ಆ ವಾಸನೆ ಇನ್ನೂ ತಲುಪಿರುತ್ತಿರಲಿಲ್ಲ. ನನಗೆ ಆಗ ಅದು ತಮಾಷೆಯಾಗಿ ಕಂಡಿತ್ತು, ಅಷ್ಟೇ.

ನನಗೆ ವಿಕ್ರೋಳಿಯ ಫ್ಯಾಕ್ಟರಿಯೊಂದರಲ್ಲಿ ಗುಮಾಸ್ತೆ ಕೆಲಸ ಸಿಕ್ಕಿತು. ಅದೇ ಹೊತ್ತಿಗೆ ದಾದರಿನ ಹೋಟೆಲು ಮುಚ್ಚಿತು. ಮನೆಯಲ್ಲಿ ಎರಡು ಸಣ್ಣ ಮಕ್ಕಳು. ಫ್ಯಾಕ್ಟರಿಯ ಗ್ಯಾರೇಜಿಗೆ ಒಬ್ಬ ಮೆಕ್ಯಾನಿಕ್ ಬೇಕೆಂದು ಗೊತ್ತಾದಾಗ ನಾನು ಫೋರ್ಮನ್ ಕುಲಕರ್ಣಿಯವರ ಎದುರು ಭಾವನನ್ನು ಅಟ್ಟಕ್ಕೇರಿಸಿದೆ. ಅಕ್ಕ ಖುಷಿಯಲ್ಲಿದ್ದಳು. ಭಾವ ಮಾತ್ರ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಪರೀಕ್ಷೆಗೆ ಇಟ್ಟದ್ದು ಮಿಲಿಟರಿಯವರು ಹರಾಜು ಹಾಕಿದ್ದ ಹಳೆಯ ಮೋಟಾರ್ ಸೈಕಲ್. ಭಾವ ಒದ್ದರು, ಬೆವರಿದರು, ಕಿವಿ ಆನಿಸಿದರು. “ಡೈನಮೋ ಸತ್ತಿದೆ. ಬ್ಯಾಟರಿಗೆ ಚಾರ್ಜ್ ಇಲ್ಲ.”

ಕುಲಕರ್ಣಿಯವರು ಬ್ಯಾಟರಿಯನ್ನೇ ಕಳಚಿ ನೆಲದ ಮೇಲಿಟ್ಟರು. ಪ್ಲಗ್ ಬಿಚ್ಚಿ, ಮಸಿ ಉಜ್ಜಿ, ಮತ್ತೆ ಕೂರಿಸಿ ಒದ್ದರು. ಗಾಡಿ ಗುಡುಗುಡು ಎಂದಿತು.

“ಬ್ಯಾಟರಿ ಇಲ್ದನ ಚಾಲೂ ಆತು ನೋಡ್ರಿ. ಈ ಗಾಡೀಗೆ ಕಿಡಿ ಕೊಡೂದು ಮ್ಯಾಗ್ನೆಟೋ. ಡೈನಮೋ, ಬ್ಯಾಟರಿ ಎಲ್ಲಾ ಬರೇ ದೀಪಕ್ಕ, ಹಾರ್ನಿಗೆ. ಮಿಲಿಟರ್ಯಾಗ ನೀವು ಖರೇ ಏನ್ ಮಾಡ್ತಿದ್ರಿ?”

ಸುತ್ತ ನಿಂತವರೆಲ್ಲ ಭಾವನ ಮುಖ ನೋಡಿದರು.

“ಅಡುಗೆ,” ಎಂದರು ಭಾವ.

ಯಾರೋ ಕಿಸಕ್ಕೆಂದರು. ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಎನ್ನಿಸಿತು. ಕುಲಕರ್ಣಿಯವರು ಮಾತ್ರ ನಗಲಿಲ್ಲ. “ಮೊದಲ ಹೇಳೂದಲ್ಲೇನ್ರಿ? ನಮ್ಮ ಕ್ಯಾಂಟೀನಿನ್ಯಾಗ ಸಾರು ಬಾಯಾಗ ಇಡಾಕ ಆಗವಲ್ದು. ನಾಳಿಂದ ಬರ್ರಿ,” ಎಂದರು.

ಸ್ಟೇಷನ್ನಿನವರೆಗೆ ಭಾವ ನನ್ನಿಂದ ನಾಲ್ಕು ಮಾರು ಹಿಂದೆಯೇ ನಡೆದರು. ಲೋಕಲ್ ಬಂದಾಗ ಹತ್ತಿರ ಬಂದು, “ಅಕ್ಕನಿಗೆ ಹೇಳಬೇಡ ಆಯ್ತಾ? ಮೆಕ್ಯಾನಿಕ್ಕಿನ ಹೆಂಡತಿ ಅಂತ ಚಾಳಿಡೀ ಹೇಳಿಕೊಂಡಿದ್ದಾಳೆ ಅವಳು,” ಎಂದರು. ನನಗಿಂತ ಅಷ್ಟು ದೊಡ್ಡವರು ನನ್ನೆದುರು ಹಾಗೆ ಬೇಡಿಕೊಂಡದ್ದು, ಗ್ಯಾರೇಜಿನಲ್ಲಿ ನಗೆಪಾಟಲಾದದ್ದಕ್ಕಿಂತ ಹೆಚ್ಚು ನಾಚಿಕೆ ತಂದಿತು.

ಕ್ಯಾಂಟೀನಿನ ಸಾರು ಹೆಸರಾಯಿತು. ಬಡಿಸಲು ಅವರೇ ಬಂದರೆ ನಾವಿಬ್ಬರೂ ತಟ್ಟೆಯನ್ನೇ ನೋಡುತ್ತಿದ್ದೆವು. ಸಂಜೆ ಪಾಳಿ ಮುಗಿದ ಮೇಲೆ ಭಾವ ಗ್ಯಾರೇಜಿನ ಹಿಂದೆ ಹೋಗಿ, ಡಬ್ಬಿಯಿಂದ ಚೂರು ಗ್ರೀಸ್ ತೆಗೆದು, ಬೆರಳ ಸಂದಿಗೆ, ಉಗುರಿಗೆ ಒತ್ತಿ ಒತ್ತಿ ಹಚ್ಚಿಕೊಳ್ಳುವರು. ನಾನು ಗೇಟಿನ ಬಳಿ ಬೆನ್ನು ತಿರುಗಿಸಿ ಕಾಯುತ್ತಿದ್ದೆ. ಆಮೇಲೆ ನಾವು ಮನೆಗೆ ಹೋಗುತ್ತಿದ್ದೆವು.

ಹಾಗೆಯೇ ವರ್ಷಗಳು ಕಳೆದವು. ಭಾವ ತೀರಿಕೊಂಡು ಕರ್ಮಗಳೆಲ್ಲ ಮುಗಿದ ಮೇಲೆ ನನಗೆ ಆ ಗುಟ್ಟನ್ನು ಹೊತ್ತುಕೊಂಡಿರಲು ಆಗಲಿಲ್ಲ. ತಲೆ ತಗ್ಗಿಸಿಕೊಂಡೇ ಎಲ್ಲವನ್ನೂ ಅಕ್ಕನಿಗೆ ಹೇಳಿದೆ.

ಅಕ್ಕ ಒಲೆಯ ಪಕ್ಕದ ಗೂಡಿನಿಂದ ಸೀಮೆಎಣ್ಣೆಯ ಸಣ್ಣ ಬಾಟಲಿಯನ್ನೂ ಒಂದು ಹಳೆ ಬಟ್ಟೆಯನ್ನೂ ತೆಗೆದು ನನ್ನ ಮುಂದಿಟ್ಟಳು.

“ದಿನಾ ಅವರ ಕೈ ಉಜ್ಜಿದ್ದು ನಾನಲ್ವಾ ಮಾರಾಯ? ಗ್ರೀಸ್ ಹೋದ ಮೇಲೆ ಒಗ್ಗರಣೆಯದ್ದೇ ಪರಿಮಳ. ನನಗೆ ಗೊತ್ತಾಯಿತು ಅಂತ ಹೇಳಿದ್ದರೆ ಮರುದಿನ ಆ ಕೈ ನನಗೆ ಕೊಡುತ್ತಿದ್ದರಾ?”